ಕ್ಯಾಲಂಡರ್‌ನಿಂದ ಕಿಲಿನ್‌ಗೆ: ಹಳೇ ರೈಲುಹಾದಿಯಲ್ಲಿ ಒಂದು ದಿನ

ಸ್ಕಾಟ್‌ಲೆಂಡ್ ರಜೆಯಲ್ಲಿ ಸೈಕಲ್ಲಿಗೆಂದು ಒಂದೇ ದಿನ ಸಿಗುವುದಾದರೆ ಕ್ಯಾಲಂಡರ್–ಕಿಲಿನ್ ಊರುಗಳ ನಡುವಿನ ದಾರಿ ಹಿಡಿಯಿರಿ. ರಾಷ್ಟ್ರೀಯ ಸೈಕಲ್ ಜಾಲದ 7ನೇ ಮಾರ್ಗದ ಈ ಭಾಗ ಸುಮಾರು 37 ಕಿ.ಮೀ. ಬಹಳಷ್ಟು ಕಡೆ ಹಳೇ ರೈಲುಹಾದಿಯ ಮೇಲೇ ಸಾಗುವುದರಿಂದ ಏರು ಅಷ್ಟೇನೂ ಕಾಡುವುದಿಲ್ಲ. ಕ್ಯಾಲಂಡರ್‌ಗೆ ಈಗ ರೈಲಿಲ್ಲ; ಸ್ಟರ್ಲಿಂಗ್‌ನಲ್ಲಿ ಇಳಿದು ಬಸ್ ಹಿಡಿಯಬೇಕು. ಸೈಕಲ್ ಕ್ಯಾಲಂಡರ್‌ನಲ್ಲೇ ಬಾಡಿಗೆಗೆ ಸಿಗುತ್ತದೆ.

ಹೊರಡುವ ಮೊದಲು ಗಾಳಿ ನೋಡಿ. ಇಲ್ಲಿ ಹೆಚ್ಚಾಗಿ ಬೀಸುವುದು ನೈಋತ್ಯದ ಗಾಳಿ. ಹೋಗುವಾಗ ಬೆನ್ನಿಗೆ ತಳ್ಳಿದ ಅದೇ ಗಾಳಿ ಬರುವಾಗ ಎದೆಗೆ ಹೊಡೆಯುತ್ತದೆ, ಅದೂ ಕಾಲು ಸೋತ ಹೊತ್ತಿನಲ್ಲಿ. ಹೋಗಿಬರಲು 75 ಕಿ.ಮೀ. ಹತ್ತಿರವಾಗುತ್ತದೆ, ರೂಢಿಯಿಲ್ಲದವರು ದಾರಿಯ ಬಾಲ್‌ಕ್ವಿಡರ್ ಹಳ್ಳಿಯಲ್ಲಿ ಸ್ಕಾಟಿಷ್ ಜನಪದ ವೀರ ರಾಬ್ ರಾಯ್‌ನ ಸಮಾಧಿ ನೋಡಿಕೊಂಡು ವಾಪಸಾಗುವುದೇ ಜಾಣತನ.

ಸಪೂರ ಟೈರಿನ ರೋಡ್ ಬೈಕ್ ಬೇಡ. ಡಾಂಬರಿನ ನಡುವೆ ಜಲ್ಲಿ, ಕೆಸರು, ಬೇರುಗಳೆಲ್ಲ ಸಿಗುತ್ತವೆ, 38–40 ಮಿ.ಮೀ. ಟೈರ್ ಇರಲಿ. ಬಾಡಿಗೆಗೆ ತೆಗೆದುಕೊಳ್ಳುವಾಗಲೇ ವಾಲ್ವ್ ಯಾವ ಬಗೆಯದು, ಕೊಟ್ಟ ಪಂಪ್ ಅದಕ್ಕೆ ಕೂರುತ್ತದೆಯೇ ಎಂದು ಹಚ್ಚಿ ನೋಡಿ. ಪಂಕ್ಚರ್ ಆದರೆ ಹೊಸ ಟ್ಯೂಬ್ ಹಾಕುವ ಮುನ್ನ ಟೈರಿನ ಒಳಮೈಯನ್ನು ಬೆರಳಿಂದ ನಿಧಾನವಾಗಿ ಸವರಬೇಕು. ಮುಳ್ಳೋ ಕಲ್ಲಿನ ಚೂರೋ ಒಳಗೇ ಉಳಿದಿದ್ದರೆ ಹೊಸ ಟ್ಯೂಬೂ ಹೋಯಿತೆಂದೇ ಲೆಕ್ಕ.

ಲಾಕ್ ಲುಬ್ನೆಗ್ ಸರೋವರದ ಪಶ್ಚಿಮ ದಡದ ಹಾದಿ ಸಲೀಸು. ಎದುರು ದಡದ ಎ84 ಹೆದ್ದಾರಿ ಇನ್ನೂ ನೇರದ ದಾರಿಯೆನಿಸೀತು. ಲಾರಿ, ಟೂರಿಸ್ಟ್ ಬಸ್ಸುಗಳ ನಡುವೆ ನುಗ್ಗುವ ಆಸೆ ಬೇಡ. ದನಗಳನ್ನು ತಡೆಯಲು ನೆಲಕ್ಕೆ ಹಾಕಿದ ಕಬ್ಬಿಣದ ಸರಳುಗಳು ಅಡ್ಡ ಬಂದರೆ ನೆಟ್ಟಗೆ ದಾಟಿ. ಅದರ ಮೇಲೆ ಬ್ರೇಕ್ ಹಿಡಿಯಬಾರದು, ಹ್ಯಾಂಡಲ್ ತಿರುಗಿಸಬಾರದು. ಮಳೆಯಲ್ಲಿ ಅವು ಸೋಪಿನಂತೆ ಜಾರುತ್ತವೆ. ಗೇಟ್ ತೆರೆದವರು ಮುಚ್ಚಿಯೇ ಮುಂದೆ ಹೋಗಬೇಕು.

ದಾರಿಯ ನಿಜವಾದ ಪರೀಕ್ಷೆ ಲಾಕರ್ನ್‌ಹೆಡ್ ದಾಟಿದ ಮೇಲಿನ ಅಂಕುಡೊಂಕಿನ ಏರು. ತಿರುವಿಗೆ ಮೊದಲೇ ಗೇರ್ ಇಳಿಸಿಕೊಳ್ಳಿ. ಬಲ ಹಾಕಿ ತುಳಿಯುತ್ತಲೇ ಬದಲಿಸಿದರೆ ಚೈನ್ ಕಳಚಬಹುದು. ಮೇಲೆ ಹತ್ತಿದ ಮೇಲೆ ಗ್ಲೆನ್ ಓಗಲ್ ಕಣಿವೆಯ ಕಲ್ಲಿನ ಸೇತುವೆ. 1965ರ ನವೆಂಬರಿನಲ್ಲಿ ಈ ರೈಲುಮಾರ್ಗ ಮುಚ್ಚಬೇಕೆಂದಿತ್ತು. ಸೆಪ್ಟೆಂಬರಿನಲ್ಲೇ ಇಲ್ಲಿ ಬಂಡೆ ಕುಸಿದು ರೈಲು ನಿಂತೇ ಹೋಯಿತು. ಅಲ್ಲಿಂದ ಕಿಲಿನ್‌ಗೆ ಕಾಡಿನೊಳಗೆ ಜಲ್ಲಿಯ ಇಳಿಜಾರು. ಒದ್ದೆಯಾದ ರಿಮ್ ಬ್ರೇಕ್ ತಕ್ಷಣ ಹಿಡಿಯುವುದಿಲ್ಲ, ಆದ್ದರಿಂದ ಮೊದಲೇ ಮೆಲ್ಲಗೆ ಒತ್ತಿ ನೀರು ಒರೆಸಿಕೊಳ್ಳಿ.

ಇನ್ನು ಮಿಡ್ಜ್ ಎಂಬ ಕಚ್ಚುವ ಹುಳ. ನುಸಿಗಿಂತ ಚಿಕ್ಕದು, ಕಾಟ ದೊಡ್ಡದು. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಗಾಳಿಯಿಲ್ಲದ ಮುಂಜಾನೆ, ಸಂಜೆ ಮುತ್ತುತ್ತವೆ. ಸೈಕಲ್ ಓಡುತ್ತಿದ್ದರೆ ತೊಂದರೆಯಿಲ್ಲ, ನಿಂತರೆ ಮುಗಿಯಿತು. ಪಂಕ್ಚರ್ ಆದರೂ ನೀರಿನ ದಡದಲ್ಲಿ ಕೂರದೆ, ಗಾಳಿ ಬೀಸುವ ಬಯಲಿಗೆ ತಳ್ಳಿಕೊಂಡು ಹೋಗಿ ರಿಪೇರಿ ಮಾಡಿ.

ಮೊಬೈಲ್ ಸಿಗ್ನಲ್ ನಂಬಬೇಡಿ, ನಕ್ಷೆಯನ್ನು ಆಫ್‌ಲೈನ್ ಇಳಿಸಿಕೊಂಡಿರಿ. ಕಿಲಿನ್‌ನಿಂದ ಬಸ್ಸಿನಲ್ಲಿ ಮರಳುವ ಯೋಚನೆಯಿದ್ದರೆ ಸೈಕಲ್ ಹತ್ತಿಸಿಕೊಳ್ಳುತ್ತಾರೆಯೇ ಎಂದು ಹಿಂದಿನ ದಿನವೇ ಕೇಳಿ. ಇಲ್ಲವೆಂದರೆ ಸೈಕಲ್ ಹಿಡಿಸುವ ಟ್ಯಾಕ್ಸಿ ಗೊತ್ತುಮಾಡಿಕೊಳ್ಳಿ.