ಶ್ರೀಶೈಲ ಪಾದಯಾತ್ರೆ: 11 ಕೆ.ಜಿ. ಚೀಲ 4 ಕೆ.ಜಿ.ಗೆ ಇಳಿದದ್ದು ಹೀಗೆ

ಹೋಳಿ ಹುಣ್ಣಿಮೆ ಹತ್ತಿರ ಬಂತೆಂದರೆ ನಮ್ಮ ಬಾಗಲಕೋಟೆ ಕಡೆ ಒಂದೇ ಮಾತು. ಈ ಸಲ ಮಲ್ಲಯ್ಯನ (ಶ್ರೀಶೈಲದ ಮಲ್ಲಿಕಾರ್ಜುನ ದೇವರು) ಹತ್ತಿರ ಯಾರ್ಯಾರು ನಡೆದು ಹೊರಟಿದ್ದಾರೆ? ಯುಗಾದಿಗೆ ಶ್ರೀಶೈಲ ಮುಟ್ಟಬೇಕು. ದಾರಿ ಹೆಚ್ಚೂಕಡಿಮೆ 400 ಕಿಲೋಮೀಟರ್. ನಾನು ಎರಡು ಸಲ ನಡೆದಿದ್ದೇನೆ. ಮೊದಲ ಸಲ ಬೆನ್ನ ಮೇಲೆ 11 ಕೆ.ಜಿ. ಇತ್ತು. ಎರಡನೇ ಸಲ ನೀರು ಬಿಟ್ಟು 4 ಕೆ.ಜಿ. ಚಿಲ್ಲರೆ. ಈ ವರ್ಷ ಹೊರಡುವವರಿಗೆ ಆ ಲೆಕ್ಕ ಹೇಳಲೇಬೇಕು ಅನ್ನಿಸಿತು.

ಸಾಮಾನೆಲ್ಲ ಟೆಂಪೋದಲ್ಲಿ ಬರುತ್ತದಲ್ವಾ ಎಂದು ನೀವು ಕೇಳಬಹುದು. ತುಂಬಾ ತಂಡಗಳು ಗಾಡಿ ಮಾಡಿಕೊಂಡೇ ಹೊರಡುತ್ತವೆ, ನಿಜ. ಆದರೆ ಆಂಧ್ರದ ಆತ್ಮಕೂರು ದಾಟಿ ವೆಂಕಟಾಪುರಕ್ಕೆ ಬಂದ ಮೇಲೆ ನಲ್ಲಮಲ ಕಾಡಿನ ಕಾಲುದಾರಿ ಶುರು. ನಾಗಲೂಟಿ, ಪೆಚ್ಚೆರುವು, ಭೀಮನ ಕೊಳ್ಳ, ಆಮೇಲೆ ಕೈಲಾಸ ಬಾಗಿಲು. ಗಾಡಿ ದೋರ್ನಾಳದ ಮೇಲೆ ಸುತ್ತು ಹಾಕಿ ಹೋಗುತ್ತದೆ. ಕಾಡಿನಲ್ಲಿ ನಿಮ್ಮ ಚೀಲ ನಿಮ್ಮ ಬೆನ್ನಿಗೇ. ಭೀಮನ ಕೊಳ್ಳದಲ್ಲಿ ಕಲ್ಲಿನ ಮೆಟ್ಟಿಲು ಇಳಿದು ಮತ್ತೆ ಹತ್ತುವಾಗ ಒಂದೊಂದು ಕಿಲೋ ಕೂಡ ಮೊಣಕಾಲಿಗೆ ಗೊತ್ತಾಗುತ್ತದೆ.

ಮೊದಲ ಸಲ ನನ್ನ ಚೀಲದಲ್ಲಿ ಏನಿತ್ತು ಕೇಳಿ. ಅವ್ವ ಹೊಲಿದ ಕೌದಿ, ನಾಲ್ಕು ಜೊತೆ ಬಟ್ಟೆ, ಅದರಲ್ಲೊಂದು ಜೀನ್ಸ್, ದಪ್ಪ ಟರ್ಕಿ ಟವೆಲ್, ಸ್ಟೀಲ್ ಡಬ್ಬಿ ತುಂಬ ಶೇಂಗಾ ಉಂಡೆ. ಚೀಲವೇ ಖಾಲಿ ಇದ್ದಾಗ 2 ಕೆ.ಜಿ. ಇತ್ತು. ಇಳಕಲ್ ಮುಟ್ಟುವಷ್ಟರಲ್ಲಿ ಹೆಗಲ ಮೇಲೆ ಕೆಂಪು ಬರೆ ಎದ್ದಿತ್ತು. ಜೊತೆಗಿದ್ದ ಕಾಕಾ ಒಬ್ಬರು ಚೀಲ ಎತ್ತಿ ನೋಡಿ, "ತಮ್ಮಾ, ದಾರಿಯಾಗ ಮಲ್ಲಯ್ಯ ಎಲ್ಲಾ ಕೊಡ್ತಾನ, ನೀ ಯಾಕ ಮನಿ ಹೊತ್ಕೊಂಡು ಬಂದಿ?" ಅಂದರು. ಅವರ ಮಾತು ಪೂರ್ತಿ ನಿಜ. ಲಿಂಗಸುಗೂರು, ರಾಯಚೂರು ಕಡೆಯ ಊರೂರಲ್ಲಿ ದಾಸೋಹ ಇರುತ್ತದೆ. ಊಟ, ಮಜ್ಜಿಗೆ, ಕಾಲಿಗೆ ಬಿಸಿನೀರು, ಎಣ್ಣೆ, ಎಲ್ಲವನ್ನೂ ಕೈ ಹಿಡಿದು ಕರೆದು ಕೊಡುತ್ತಾರೆ. ಹಾಗಾಗಿ ಊಟದ ಸಾಮಾನು ಹೊರುವುದೇ ಬೇಡ.

ಎರಡನೇ ಸಲ ಹೊರಡುವ ವಾರ ಮೊದಲೇ ಎಲ್ಲವನ್ನೂ ಓಣಿಯ ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿದೆ. ಒಂದೊಂದೇ ತೂಗಿ ಬರೆದುಕೊಳ್ಳಿ, ದಯವಿಟ್ಟು. ಕೈಯಲ್ಲಿ ಹಿಡಿದಾಗ ಹಗುರ ಅನ್ನಿಸಿದ್ದು ತಕ್ಕಡಿಯಲ್ಲಿ ಬೇರೆಯೇ ಹೇಳುತ್ತದೆ. ಕೌದಿ ಬಿಟ್ಟು ತೆಳು ಚಾದರ ತೆಗೆದುಕೊಂಡೆ. ಮಾರ್ಚ್ ಬಿಸಿಲಿನ ಕಾಲ, ಅಷ್ಟು ಸಾಕು. ಟರ್ಕಿ ಟವೆಲ್ ಬದಲು ತೆಳು ಪಂಜೆ. ಅದು ಮೈ ಒರೆಸಲಿಕ್ಕೂ ಆಯಿತು, ಮಧ್ಯಾಹ್ನ ಹಸಿ ಮಾಡಿ ತಲೆಗೆ ಸುತ್ತಲಿಕ್ಕೂ ಆಯಿತು. ಬಟ್ಟೆ ಮೈಮೇಲೊಂದು ಜೊತೆ, ಚೀಲದಲ್ಲೊಂದು ಜೊತೆ. ರಾತ್ರಿ ಒಗೆದು ಹಾಕಿದರೆ ಬೆಳಗಿನ ಜಾವಕ್ಕೆ ಒಣಗಿರುತ್ತದೆ. ಜೀನ್ಸ್ ಮಾತ್ರ ಬೇಡವೇ ಬೇಡ. ಬೆವರಿಗೆ ತೊಡೆ ಉಜ್ಜಿ ಗಾಯವಾಗುತ್ತದೆ. ಪವರ್ ಬ್ಯಾಂಕ್ ಚಿಕ್ಕದು ಸಾಕು.

ಚೀಲ 30 ಲೀಟರ್‌ಗಿಂತ ದೊಡ್ಡದು ತರಬೇಡಿ. ಜಾಗ ಇದ್ದರೆ ಸುಮ್ನೆ ತುಂಬುತ್ತೇವೆ. ಸೊಂಟಕ್ಕೆ ಕಟ್ಟುವ ಪಟ್ಟಿ ಇರಲಿ, ಭಾರ ಹೆಗಲಿನಿಂದ ಸೊಂಟಕ್ಕೆ ಇಳಿಯುತ್ತದೆ. ಭಾರದ ಸಾಮಾನು ಬೆನ್ನಿಗೆ ಅಂಟಿಕೊಂಡಿರಲಿ.

ಕೆಲವನ್ನು ಮಾತ್ರ ಕಡಿಮೆ ಮಾಡಬೇಡಿ. ಸಾಕ್ಸ್ ಮೂರು ಜೊತೆ ಇರಲಿ. ಹಸಿ ಸಾಕ್ಸ್‌ನಲ್ಲಿ ನಡೆದರೆ ಬೊಬ್ಬೆ ಗ್ಯಾರಂಟಿ, ಬೊಬ್ಬೆ ಒಡೆದರೆ ಯಾತ್ರೆಯೇ ನಿಲ್ಲಬಹುದು. ವ್ಯಾಸಲೀನ್, ಓಆರ್‌ಎಸ್ ಪುಡಿ, ಅಂಟುಪಟ್ಟಿ, ನೀವು ದಿನಾ ತೆಗೆದುಕೊಳ್ಳುವ ಮಾತ್ರೆ, ಒಂದು ಟಾರ್ಚ್. ಬಿಸಿಲಿಗೆ ಹೆದರಿ ನಸುಕಿನ ಮೂರಕ್ಕೇ ಹೆದ್ದಾರಿಯಲ್ಲಿ ನಡೆಯುತ್ತೇವೆ, ಲಾರಿಯವರಿಗೆ ನಾವು ಕಾಣಬೇಕು. ನೀರು ಒಂದು ಲೀಟರ್ ಅಂದರೆ ಒಂದು ಕೆ.ಜಿ. ಊರು ಸಿಗುವ ದಾರಿಯಲ್ಲಿ ಒಂದು ಬಾಟಲಿ ಸಾಕು. ಕಾಡಿಗೆ ಹೋಗುವಾಗ ಎರಡು ಲೀಟರ್ ಬೇಕೇ ಬೇಕು, ಅಲ್ಲಿ ಭಾರ ನೋಡಬೇಡಿ. ಖಾಲಿ ಬಾಟಲಿ ಕಾಡಿನಲ್ಲಿ ಎಸೆಯಬೇಡಿ, ಅದು ಹುಲಿ ಇರುವ ಕಾಡು. ತಿನ್ನಲಿಕ್ಕೆ ನಾನು ಇಟ್ಟುಕೊಂಡದ್ದು ಅಮೀನಗಡದಲ್ಲಿ ಕೊಂಡ ಅರ್ಧ ಕಿಲೋ ಕರದಂಟು ಮಾತ್ರ. ಹೇಗಿದ್ದರೂ ಅದು ದಾರಿಯಲ್ಲೇ ಸಿಗುವ ಊರು. ಕಾಡಿನ ಏರಿನಲ್ಲಿ ಎರಡು ತುಂಡು ಬಾಯಿಗೆ ಹಾಕಿಕೊಂಡರೆ ಕಾಲಿಗೆ ಕಸುವು ಬರುತ್ತದೆ.

ಹೊರಡುವ ಮೊದಲು ತುಂಬಿದ ಚೀಲ ಹೊತ್ತು ಮುಚಖಂಡಿ ಕೆರೆವರೆಗೆ ನಾಲ್ಕೈದು ಸಲ ಹೋಗಿ ಬನ್ನಿ. ಹಳೇ ಶೂ ಹಾಕಿಕೊಂಡೇ ಹೋಗಿ. ಬೇಡದ ಸಾಮಾನು ಯಾವುದೆಂದು ಆ ದಾರಿಯೇ ಹೇಳುತ್ತದೆ.

ಚೀಲದಲ್ಲಿ ಇನ್ನೂ ಅರ್ಧ ಕಿಲೋ ಮೇಲಿನ ಒಂದು ವಸ್ತು ಇತ್ತು. ಶ್ರೀಶೈಲದ ದೇವಿ ಭ್ರಮರಾಂಬೆಗೆ ಉಡಿಸಲಿಕ್ಕೆಂದು ಅವ್ವ ಕೊಟ್ಟ ಇಳಕಲ್ ಸೀರೆ. ಅದನ್ನು ತಕ್ಕಡಿಗೆ ಹಾಕಿದೆ, ತೂಕ ಬರೆದುಕೊಂಡೆ, ಮೊದಲು ಅದನ್ನೇ ಚೀಲದಲ್ಲಿಟ್ಟೆ. ಆಮೇಲೆ ಉಳಿದದ್ದಕ್ಕೆ ಜಾಗ ನೋಡಿದೆ.