143 ಎಂಬ ಸುಳ್ಳು ನಾಡಿ: ನಗೆಕೂಟದ ಬೆಲ್ಟ್, ಆರನೆಯ ವಾರ

ಕೊನೆಗೂ ಸಿಕ್ಕಿತು. ಮೂರು ವಾರ ನನ್ನ ನಿದ್ದೆ ಕೆಡಿಸಿದ 143 ಎಂಬ ಅಂಕಿ ಎಲ್ಲಿಂದ ಬರುತ್ತಿತ್ತೆಂದು ಶುಕ್ರವಾರ ರಾತ್ರಿ ಹನ್ನೊಂದೂವರೆಗೆ ಗೊತ್ತಾಯಿತು. ಅಪ್ಪನ ನಗುವನ್ನೇ ಯಂತ್ರ ಹೃದಯದ ಬಡಿತವೆಂದು ಎಣಿಸುತ್ತಿತ್ತು.

ಹಿಂದಿನ ಕಂತುಗಳನ್ನು ಓದದವರಿಗೆ ಎರಡು ಮಾತು. ಅಪ್ಪನಿಗೆ 68 ವರ್ಷ. ಹೋದ ವರ್ಷ ಆಂಜಿಯೋಪ್ಲಾಸ್ಟಿ ಆಗಿದೆ. ದಿನಾ ನಡೆಯಿರಿ ಎಂದರು ವೈದ್ಯರು. ಅಪ್ಪ ನಡೆಯುತ್ತಾ ಹೋಗಿ ಬಡಾವಣೆಯ ಉದ್ಯಾನದ ನಗೆಕೂಟಕ್ಕೆ ಸೇರಿಕೊಂಡರು. 1995ರಲ್ಲಿ ಮುಂಬಯಿಯ ಒಂದು ಪಾರ್ಕಿನಲ್ಲಿ ಡಾ. ಮದನ್ ಕಟಾರಿಯಾ ಐದು ಜನರೊಂದಿಗೆ ಶುರುಮಾಡಿದ ಪದ್ಧತಿಯೇ ಮೈಸೂರಿನ ನಮ್ಮ ಪಾರ್ಕಿಗೂ ಬಂದಿದೆ: ಎಲ್ಲರೂ ದುಂಡಗೆ ನಿಂತು ಚಪ್ಪಾಳೆ ತಟ್ಟುತ್ತಾ ‘ಹೋ ಹೋ, ಹಾ ಹಾ ಹಾ’ ಎನ್ನುವುದು, ಆಮೇಲೆ ಆಳವಾದ ಉಸಿರು, ಮತ್ತೆ ನಗು. ಮೊದಲ ಎರಡು ನಿಮಿಷ ಬೇಕೆಂದೇ ನಗುತ್ತಾರೆ. ಎದುರಿಗಿರುವವರ ಮುಖ ನೋಡಿದ ಮೇಲೆ ತಾನಾಗಿಯೇ ಬರುತ್ತದೆ.

ಅಮ್ಮನಿಗೆ ಭಯ. “ಸ್ಟೆಂಟ್ ಹಾಕಿಸಿಕೊಂಡವರು ಹೀಗೆ ಹೊಟ್ಟೆ ಹಿಡಿದು ನಗಬಹುದೇ?” ವೈದ್ಯರು ಧಾರಾಳವಾಗಿ ನಗಲಿ ಎಂದರೂ ಅಮ್ಮನ ಆತಂಕ ಇಳಿಯಲಿಲ್ಲ. ನನಗಂತೂ ಯಾವುದನ್ನಾದರೂ ಅಳೆದು ನೋಡದೆ ಸಮಾಧಾನವಿಲ್ಲ. ಹಾಗೆ ಹುಟ್ಟಿದ್ದು ಈ ಯೋಜನೆ: ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಚಿಪ್ಪು, ಬೆರಳಿಗೆ ಬೆಳಕು ಹಾಯಿಸಿ ಅದರ ಏರಿಳಿತದಿಂದ ಬಡಿತ ಎಣಿಸುವ ಮ್ಯಾಕ್ಸ್30102 ನಾಡಿ ಸೆನ್ಸರ್, ಸೊಂಟದ ಬೆಲ್ಟಿನಲ್ಲಿ ಬ್ಯಾಟರಿ, ಮೆಮೊರಿ ಕಾರ್ಡ್. ಜೋಡಣೆ, ಬೆಸುಗೆ, ಕೋಡ್ ಲೈಬ್ರರಿ ಇವೆಲ್ಲ ನಿಮಗೆ ಗೊತ್ತಿರುವುದೇ, ಬಿಡುತ್ತೇನೆ.

ಆದರೆ ಸೆನ್ಸರ್ ಮಾರಿದವರ ವಿಷಯ ಬಿಡಲಾರೆ. ಆನ್‌ಲೈನ್‌ನಲ್ಲಿ ತರಿಸಿದ ಮೂರರಲ್ಲಿ ಎರಡು ಮ್ಯಾಕ್ಸ್30102 ಆಗಿರಲೇ ಇಲ್ಲ. ಚಿಪ್ಪಿನ ಗುರುತಿನ ಸಂಖ್ಯೆ ಇರುವ ರಿಜಿಸ್ಟರ್ (ಚಿಪ್ಪಿನೊಳಗಿನ ಪುಟ್ಟ ನೆನಪಿನ ಖಾನೆ) ಓದಿದರೆ ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ ಹದಿನಾರರ ಎಣಿಕೆಯಲ್ಲಿ, 15 ಬರಬೇಕು. ಬಂದದ್ದು 11, ಅಂದರೆ ಹಳೆಯ ಮ್ಯಾಕ್ಸ್30100. ಮೇಲಿನ ಚೀಟಿ ಮಾತ್ರ ಹೊಸದು. ದೂರು ಕೊಟ್ಟರೆ “ಎರಡೂ ಒಂದೇ ಸಾರ್” ಎಂಬ ಉತ್ತರ. ಒಂದೇ ಆಗಿದ್ದರೆ ಬೆಲೆ ಏಕೆ ಬೇರೆ? ಕೊನೆಗೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ರೈಲಿನಲ್ಲಿ ಹೋಗಿ, ಅಂಗಡಿಯ ಕಟ್ಟೆಯ ಮೇಲೆಯೇ ಲ್ಯಾಪ್‌ಟಾಪ್ ಇಟ್ಟು, ರಿಜಿಸ್ಟರ್ ಓದಿ ನೋಡಿ ನಾಲ್ಕು ಕೊಂಡು ತಂದೆ. ನೀವೂ ಹಾಗೆಯೇ ಮಾಡಿ.

ಇನ್ನು ಆ 143. ಕುಳಿತಾಗ ಅಪ್ಪನ ನಾಡಿ 74, 75. ನಗು ಶುರುವಾದ ಹತ್ತು ಸೆಕೆಂಡಿಗೆ ಪರದೆಯ ಮೇಲೆ 141, 143, 142. ಅರವತ್ತೆಂಟರ ಹೃದಯಕ್ಕೆ ಅದು ಗರಿಷ್ಠ ಮಿತಿಯ ಹತ್ತಿರದ ಅಂಕಿ. ನನ್ನ ಕೈ ತಣ್ಣಗಾಯಿತು. ಅಪ್ಪನೋ ನಗುತ್ತಲೇ ಇದ್ದಾರೆ.

ಕೂಟದಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದಾರೆ. ಎಲ್ಲರೂ ಅವರನ್ನು ಸಿಸ್ಟರ್ ಎಂದೇ ಕರೆಯುವುದು. ನನ್ನ ಮುಖ ನೋಡಿದವರೇ ಬಂದು ಅಪ್ಪನ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟರು. ಕಣ್ಣು ತಮ್ಮ ಕೈಗಡಿಯಾರದ ಮೇಲೆ, ತುಟಿ ಮಾತ್ರ ಅಲುಗಾಡುತ್ತಿದೆ. ಹದಿನೈದು ಸೆಕೆಂಡು. “ಇಪ್ಪತ್ಮೂರು. ಅಂದರೆ ತೊಂಬತ್ತೆರಡು. ನಿನ್ನ ಡಬ್ಬಿಯನ್ನು ಮನೆಗೆ ತೆಗೆದುಕೊಂಡು ಹೋಗಿ ಸರಿಮಾಡಿಕೊಂಡು ಬಾ ಮರಿ.”

ಸರಿಮಾಡಲು ಹೊರಟೆ. ಬೆರಳಿನ ಕ್ಲಿಪ್ ಬಿಗಿ ಮಾಡಿದೆ; 143. ಕಪ್ಪು ಬಟ್ಟೆ ಸುತ್ತಿ ಬಿಸಿಲು ತಡೆದೆ, 142. ಕಿವಿಯ ಹಾಲೆಗೆ ಹಾಕಿದೆ, 144. ಎದೆಗೆ ಇಸಿಜಿ ಪಟ್ಟಿ ಅಂಟಿಸಿದರೆ ಬೆವರಿಗೆ ಕಿತ್ತುಬಂತು. ಕೊನೆಗೆ ನಾನೇ ಹಾಕಿಕೊಂಡು, ತಂಗಿ ಹಳೆಯ ಕಥೆ ಹೇಳಿ ನಗಿಸಿದಾಗಲೂ 143. ಮೂವತ್ತೈದರ ನನಗೂ ಅರವತ್ತೆಂಟರ ಅಪ್ಪನಿಗೂ ಒಂದೇ ನಾಡಿ ಹೇಗೆ? ಅಲ್ಲಿ ಮೊದಲ ಸುಳಿವು ಸಿಕ್ಕಿತು.

ಶುಕ್ರವಾರ ಕಚ್ಚಾ ದತ್ತಾಂಶವನ್ನು ಕಾಗದದ ಮೇಲೆ ಮುದ್ರಿಸಿ ಸ್ಕೇಲ್ ಇಟ್ಟು ಅಳೆದೆ. ನಗುವಿನ ಭಾಗದಲ್ಲಿ ಒತ್ತೊತ್ತಾಗಿ ಮುಳ್ಳು ಮುಳ್ಳು. ಒಂದರಿಂದ ಇನ್ನೊಂದಕ್ಕೆ ಸುಮಾರು 210 ಮಿಲಿಸೆಕೆಂಡು. ಈ ಅಂಕಿಯನ್ನು ಎಲ್ಲೋ ಓದಿದ್ದೆನಲ್ಲ! ನಗುವಿನ ಧ್ವನಿಯನ್ನು ಜನರ ನಡುವೆ ಕುಳಿತು ಅಭ್ಯಾಸ ಮಾಡಿದ ಅಮೆರಿಕದ ನರವಿಜ್ಞಾನಿ ರಾಬರ್ಟ್ ಪ್ರೊವೈನ್ ಹೇಳಿದ್ದು ಇದನ್ನೇ. ‘ಹ’ ಎಂಬ ಒಂದೊಂದು ತುಣುಕು ಸುಮಾರು 75 ಮಿಲಿಸೆಕೆಂಡು, ಒಂದು ‘ಹ’ದಿಂದ ಮುಂದಿನ ‘ಹ’ಕ್ಕೆ ಸುಮಾರು 210. ಅಂದರೆ ನಿಮಿಷಕ್ಕೆ 285ರ ಆಸುಪಾಸು. ನಗುವಾಗ ವಪೆ, ಪಕ್ಕೆಲುಬಿನ ನಡುವಿನ ಸ್ನಾಯು, ಹೊಟ್ಟೆಯ ಸ್ನಾಯು ಎಲ್ಲವೂ ಈ ಲಯದಲ್ಲಿ ಉಸಿರನ್ನು ಹೊರಗೆ ತಳ್ಳುತ್ತವೆ. ಮೈಯೆಲ್ಲ ಅದೇ ಲಯದಲ್ಲಿ ಅದುರುತ್ತದೆ, ಬೆರಳೂ ಕಿವಿಯೂ ಸೇರಿ. ನಾಡಿಯಿಂದಾಗಿ ಬೆಳಕಿನಲ್ಲಿ ಆಗುವ ಏರಿಳಿತ ನೂರಕ್ಕೆ ಒಂದೆರಡು ಪಾಲು ಮಾತ್ರ. ಈ ಅದುರಾಟದ ಮುಂದೆ ಅದು ಎಲ್ಲಿ ಕಾಣಬೇಕು?

285 ಏಕೆ ತೋರಿಸಲಿಲ್ಲ ಎನ್ನುತ್ತೀರಾ? ಒಂದು ಬಡಿತ ಕಂಡ ಮೇಲೆ 250 ಮಿಲಿಸೆಕೆಂಡು ಬೇರೇನನ್ನೂ ಎಣಿಸಬೇಡ ಎಂದು ನಾನೇ ಬರೆದಿದ್ದೆ. ಹಾಗಾಗಿ 210ಕ್ಕೆ ಬಂದದ್ದು ತಳ್ಳಿಹೋಗಿ, 420ಕ್ಕೆ ಬಂದದ್ದು ಎಣಿಕೆಗೆ ಸೇರುತ್ತಿತ್ತು. ಅರವತ್ತು ಸಾವಿರವನ್ನು 420ರಿಂದ ಭಾಗಿಸಿ ನೋಡಿ. ಬರುವುದು 143ಕ್ಕೆ ಕೂದಲೆಳೆಯಷ್ಟು ಕಡಿಮೆ. ಆ ಭಾಗಾಕಾರ ಮುಗಿದಾಗ ಇಡೀ ಮನೆಯನ್ನು ಎಬ್ಬಿಸಿದೆ. ಅಮ್ಮ ಎದ್ದು ಬಂದು, ವಿಷಯ ಕೇಳಿ, ಏನೂ ಹೇಳದೆ ಕಾಫಿ ಮಾಡಿದರು.

ಕಾರಣ ಸಿಕ್ಕಿತು, ಪರಿಹಾರ ಸಿಗಲಿಲ್ಲ. 3 ಹರ್ಟ್ಸ್‌ಗಿಂತ, ಅಂದರೆ ಸೆಕೆಂಡಿಗೆ ಮೂರು ಏರಿಳಿತಕ್ಕಿಂತ, ಮೇಲಿನದನ್ನು ಫಿಲ್ಟರ್‌ನಲ್ಲಿ ಕತ್ತರಿಸಿದರೆ 143 ಹೋಯಿತು, ಆ ಜಾಗಕ್ಕೆ 118 ಬಂದು ಕುಳಿತಿತು. ಅದು ಚಪ್ಪಾಳೆ! ಸೆಕೆಂಡಿಗೆ ಎರಡು ಚಪ್ಪಾಳೆಯ ಲಯವೂ ಏರಿದ ನಾಡಿಯ ಲಯವೂ ಒಂದೇ ಓಣಿಯಲ್ಲಿ ಓಡಾಡುವಾಗ ಯಾವ ಫಿಲ್ಟರ್ ಬೇರ್ಪಡಿಸೀತು?

ದಾರಿ ತೋರಿಸಿದ್ದು ಸಿಸ್ಟರ್ ಅವರ ಮೂರು ಬೆರಳು. ಅವರು ನಾಡಿ ಹಿಡಿದದ್ದು ಯಾವಾಗ? ನಗು ನಿಂತು, ಎಲ್ಲರೂ ಕೈ ಮೇಲೆತ್ತಿ ಆಳವಾಗಿ ಉಸಿರೆಳೆದುಕೊಳ್ಳುವ ಹೊತ್ತಿನಲ್ಲಿ. ನಗು ನಿಂತ ಕೂಡಲೇ ಹೃದಯ ಧಡಕ್ಕನೆ ಇಳಿದುಬಿಡುವುದಿಲ್ಲ. ಬೆಲ್ಟಿನೊಳಗೆ, ಹೊಕ್ಕುಳಿನ ಮೇಲೆ ಬರುವಂತೆ, ಒಂದು ಎಂಪಿಯು6050 ಚಲನೆಯ ಸೆನ್ಸರ್ ಸೇರಿಸಿದೆ. ಹೊಟ್ಟೆ ಎರಡು ಸೆಕೆಂಡು ಅಲುಗಾಡದಿದ್ದರೆ ಮಾತ್ರ ನಾಡಿ ಓದು. ಅಲುಗಾಡುತ್ತಿದ್ದರೆ ನಾಡಿ ಬಿಟ್ಟು ‘ಹ’ಗಳನ್ನು ಎಣಿಸು. ಹನ್ನೆರಡು ಸಾಲು ಕೋಡ್. ಮೂರು ವಾರ ನನ್ನನ್ನು ಕಾಡಿದ ಅದುರಾಟವೇ ಈಗ ನಗುವಿನ ಲೆಕ್ಕ ಕೊಡುತ್ತಿದೆ.

ಶನಿವಾರದಿಂದ ಮೂರು ಬೆಳಗು, ಆರು ಜನ. ಏರಿಕೆ ನಗುವಿನದೋ ಚಪ್ಪಾಳೆಯದೋ ತಿಳಿಯಬೇಕಲ್ಲ, ಅದಕ್ಕೆ ಎರಡು ನಿಮಿಷ ಬರೀ ಚಪ್ಪಾಳೆ ತಟ್ಟಿ, ನಗಬೇಡಿ ಎಂದು ಕೇಳಿಕೊಂಡೆ. ಇಪ್ಪತ್ತನೆಯ ಸೆಕೆಂಡಿಗೆ ಅಂಚೆ ಇಲಾಖೆಯಿಂದ ನಿವೃತ್ತರಾದವರೊಬ್ಬರು ಕಿಸಕ್ಕೆಂದರು, ಮುಗಿಯಿತು. ಎರಡನೆಯ ಸಲ ಹದಿನೈದೇ ಸೆಕೆಂಡು. ಕೊನೆಗೆ ಒಬ್ಬರಿಗೊಬ್ಬರು ಬೆನ್ನು ಮಾಡಿ ನಿಲ್ಲಿಸಿದ ಮೇಲೆಯೇ ಎರಡು ನಿಮಿಷ ದಾಟಿದ್ದು! ಅಪ್ಪನ ಲೆಕ್ಕ ಹೀಗಿದೆ: ಸುಮ್ಮನಿದ್ದಾಗ 74, ಬರೀ ಚಪ್ಪಾಳೆಗೆ 82, ನಗು ಸೇರಿದರೆ 91, ಮುಗಿದ ಐದು ನಿಮಿಷಕ್ಕೆ 71. ಮನೆಯಲ್ಲಿ ಕುಳಿತು ನಕ್ಕಾಗ 84. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ನಿಜವಾದ ನಗುವಿಗೆ ನಾಡಿಯೂ ದೇಹ ಖರ್ಚು ಮಾಡುವ ಶಕ್ತಿಯೂ ನೂರಕ್ಕೆ 10ರಿಂದ 20ರಷ್ಟು ಏರಿದ್ದವು. ಅಪ್ಪನ 84 ಆ ಮಿತಿಯೊಳಗೇ ಇದೆ. ಹತ್ತು ಹದಿನೈದು ನಿಮಿಷದ ನಗುವಿಗೆ ಖರ್ಚಾಗುವುದು 10ರಿಂದ 40 ಕ್ಯಾಲೊರಿ ಎಂದು ಅವರು ಅಂದಾಜಿಸಿದ್ದರು. ನಕ್ಕು ಹೊಟ್ಟೆ ಕರಗಿಸುತ್ತೇನೆ ಎನ್ನುವವರು ನಡಿಗೆ ಬಿಡಬೇಡಿ. ನನ್ನನ್ನು ಸೆಳೆದದ್ದು ಆ ಕೊನೆಯ 71. ನಕ್ಕ ಮೇಲೆ ಮೈ ಶುರುವಿನಲ್ಲಿ ಇದ್ದುದಕ್ಕಿಂತ ಸಡಿಲವಾಗಿದೆ. ಆರರಲ್ಲಿ ಐದು ಜನರಿಗೆ ಹೀಗೆಯೇ. ಆರನೆಯವರಿಗೆ ಹರ್ನಿಯಾ ಇದೆ. ಸಿಸ್ಟರ್ ಅವರ ಕಟ್ಟಪ್ಪಣೆಯಂತೆ ಅವರು ಮುಗುಳ್ನಗೆಯಲ್ಲೇ ನಿಲ್ಲಿಸುತ್ತಾರೆ.

ಮುಂದಿನ ಯೋಜನೆ ಆಗಲೇ ತಲೆಯಲ್ಲಿದೆ. ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳು ನಮ್ಮಂಥವರಿಗೆ ಹೇಳಿ ಮಾಡಿಸಿದಂತಿವೆ. ಜೊತೆಗೂಡಿ ನಕ್ಕ ಮೇಲೆ ಜನರ ನೋವು ತಾಳುವ ಶಕ್ತಿ ಹೆಚ್ಚುತ್ತದೆಯೇ ಎಂದು ನೋಡಲು ಅವರು ಬಳಸಿದ್ದು ವೈನ್ ಬಾಟಲಿ ತಂಪಾಗಿಡುವ ಹಿಮಗಟ್ಟಿದ ಚೀಲ, ರಕ್ತದೊತ್ತಡದ ಪಟ್ಟಿ, ಗೋಡೆಗೆ ಒರಗಿ ಕುರ್ಚಿಯಿಲ್ಲದೆ ಕೂರುವ ಕಸರತ್ತು. ನಕ್ಕವರು ಹೆಚ್ಚು ಹೊತ್ತು ತಾಳಿದರು. ದೇಹವೇ ತಯಾರಿಸಿಕೊಳ್ಳುವ ನೋವುನಿವಾರಕವಾದ ಎಂಡಾರ್ಫಿನ್ ಇದಕ್ಕೆ ಕಾರಣ ಎಂಬುದು ಅವರ ವಿವರಣೆ. ಗೋಡೆ ನಮ್ಮಲ್ಲೂ ಇದೆ. ಬೆನ್ನಿನ ಹಿಂದೆ ಒಂದು ಒತ್ತುಗುಂಡಿ, ಒಂದು ಟೈಮರ್ ಸಾಕು. ಕಾಲು ಗಟ್ಟಿಯಿರುವ ಕಿರಿಯರನ್ನು ಹುಡುಕಬೇಕು.

ಈ ನಡುವೆ ಭಾನುವಾರ ಅಪ್ಪ ಬೆಲ್ಟನ್ನು ಇಡೀ ದಿನ ತೆಗೆಯಲಿಲ್ಲ. ರಾತ್ರಿ ಕಾರ್ಡ್ ತೆಗೆದು ನೋಡಿದರೆ ನಗುವಿನ ಗೊಂಚಲುಗಳು ಹೀಗಿದ್ದವು: ಒಬ್ಬರೇ ಟಿವಿ ಮುಂದೆ ಕುಳಿತ ಎರಡು ಗಂಟೆಯಲ್ಲಿ ಎರಡು, ತುಮಕೂರಿನ ಅತ್ತೆಯ ಜೊತೆ ಫೋನಿನಲ್ಲಿ ಮಾತನಾಡಿದ ಇಪ್ಪತ್ತು ನಿಮಿಷದಲ್ಲಿ ಹತ್ತೊಂಬತ್ತು. ಒಂಟಿಯಾಗಿರುವಾಗಿನದಕ್ಕಿಂತ ಜನರ ಜೊತೆ ನಾವು ಸುಮಾರು ಮೂವತ್ತು ಪಟ್ಟು ಹೆಚ್ಚು ನಗುತ್ತೇವೆ ಎಂದು ಪ್ರೊವೈನ್ ಹೇಳಿದ್ದು ನಮ್ಮ ಹಜಾರದಲ್ಲೇ ಕಣ್ಣಿಗೆ ಬಿತ್ತು.

ಅಮ್ಮ ಕನ್ನಡಕ ಹಾಕಿಕೊಂಡು ಪರದೆಯನ್ನು ಮೇಲಿಂದ ಕೆಳಗೆ ಓದಿದರು. “ಊಟದ ಹೊತ್ತಿನದು ಎಲ್ಲಿ?” ಎಂದರು. ತೋರಿಸಿದೆ, ನಾಲ್ಕು. “ಅಷ್ಟೇನಾ?” ಎಂದವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮಗೂ ಒಂದು ಬೆಲ್ಟ್ ಬೇಕೆಂದರು. ಸೀರೆಯ ಮೇಲೆ ಕಟ್ಟಿದರೆ ಹೊಟ್ಟೆಯ ಅಲುಗಾಟ ಸಿಗುತ್ತದೆಯೋ ಇಲ್ಲವೋ ಮೊದಲು ನೋಡಬೇಕು. ಎರಡು ಮೀಟರ್ ಎಲಾಸ್ಟಿಕ್ ತಂದಿಟ್ಟಿದ್ದೇನೆ, ಎಸ್.ಪಿ. ರಸ್ತೆಯಿಂದ ತಂದ ಸೆನ್ಸರ್‌ಗಳಲ್ಲಿ ಇನ್ನೊಂದು ಉಳಿದಿದೆ.