ಆ ಚುಕ್ಕಿಗಳನ್ನು ನೋಡಿ ನಾನು ಕಲಿತದ್ದು

ನಾನು ಒಂದು ಸೋಷಿಯಲ್ ನೆಟ್‌ವರ್ಕಿಂಗ್ ಆ್ಯಪ್‌ನ ಪ್ರಾಡಕ್ಟ್ ತಂಡದಲ್ಲಿ ಕೆಲಸ ಮಾಡುತ್ತೇನೆ. ಯಾವ ಹೊಸ ಫೀಚರ್ ಬರಬೇಕು, ಬಂದದ್ದು ಉಳಿಯಬೇಕಾ, ತೆಗೆಯಬೇಕಾ ಅನ್ನುವುದೇ ನಮ್ಮ ದಿನದ ಮಾತು. ಪರಿಚಯದವರು ಸಿಕ್ಕಾಗ ಒಂದು ಪ್ರಶ್ನೆ ಖಂಡಿತ ಕೇಳುತ್ತಾರೆ: "ಚೆನ್ನಾಗೇ ನಡೀತಿರೋದನ್ನ ಯಾಕೆ ಬದಲಾಯಿಸ್ತಾನೇ ಇರ್ತೀರಿ?" ನ್ಯಾಯವಾದ ಪ್ರಶ್ನೆ. ಕೆಲಸದಲ್ಲಿ ಕಂಡದ್ದನ್ನು ಇಟ್ಟುಕೊಂಡು ಅದಕ್ಕೆ ಉತ್ತರ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಕಟು ಸತ್ಯ. ಆ್ಯಪ್ ಹಾಕಿಕೊಂಡವರಲ್ಲಿ ಬಹಳ ಮಂದಿ ಒಂದೆರಡು ಸಲ ತೆರೆದು ನೋಡಿ ಹೋಗಿಬಿಡುತ್ತಾರೆ. ಅಲ್ಲಿ ಅವರಿಗೆ ಗೊತ್ತಿರುವವರು ಯಾರೂ ಕಾಣದಿದ್ದರೆ ಮತ್ತೆ ಬರಲು ಕಾರಣವೇ ಇರುವುದಿಲ್ಲ. ಫೇಸ್‌ಬುಕ್‌ನ ಬೆಳವಣಿಗೆಯ ತಂಡವನ್ನು ನಡೆಸಿದ್ದ ಚಮತ್ ಪಾಲಿಹಪಿಟಿಯ ಇದನ್ನೇ ಬಹಿರಂಗವಾಗಿ ಹೇಳಿದ್ದಾರೆ. ಹೊಸಬರಿಗೆ 10 ದಿನದೊಳಗೆ 7 ಜನ ಸ್ನೇಹಿತರು ಸಿಗುವಂತೆ ಮಾಡುವುದೇ ಅವರ ತಂಡದ ಮುಖ್ಯ ಗುರಿಯಾಗಿತ್ತು. "ನಿಮಗೆ ಗೊತ್ತಿರಬಹುದಾದವರು" ಅನ್ನುವ ಪಟ್ಟಿ ಎಲ್ಲ ಕಡೆ ಕಾಣುವುದು, ಸೇರಿದ ಕೂಡಲೇ ಫೋನಿನ ಕಾಂಟ್ಯಾಕ್ಟ್ಸ್ ಕೇಳುವುದು, ಎಲ್ಲವೂ ಈ ಕಾರಣಕ್ಕೇ. ಜನರನ್ನು ಉಳಿಸುವುದು ಜನರೇ. ಉಳಿದ ಫೀಚರ್‌ಗಳೆಲ್ಲ ಇದಾದ ಮೇಲೆ.

ಈಗ ಚುಕ್ಕಿಗಳ ವಿಷಯಕ್ಕೆ ಬರುತ್ತೇನೆ.

ನಮ್ಮ ಆ್ಯಪ್‌ನಲ್ಲಿ ಕೆಲವು ಪೋಸ್ಟ್‌ಗಳ ಕೆಳಗೆ ಕಾಮೆಂಟ್‌ಗಳು ರಾಶಿ ಬೀಳುತ್ತಿದ್ದವು. ಬಳಕೆಯ ಅಂಕಿಗಳನ್ನು ತೋರಿಸುವ ಡ್ಯಾಶ್‌ಬೋರ್ಡ್ ನೋಡಿದವರಿಗೆಲ್ಲ ಖುಷಿ. ಒಂದು ದಿನ ಲೆಕ್ಕ ಬಿಟ್ಟು ಆ ಕಾಮೆಂಟ್‌ಗಳನ್ನೇ ಓದುತ್ತ ಕೂತೆ. ಯಾರೋ ಕೆಲಸ ಹುಡುಕುವ ಬಗ್ಗೆ ಒಂದು ಪ್ರಶ್ನೆ ಕೇಳಿದ್ದರು. ಅದರ ಕೆಳಗೆ ಒಂದು ಚುಕ್ಕಿ. ಅದರ ಕೆಳಗೆ ಇನ್ನೊಂದು ಚುಕ್ಕಿ. ಆಮೇಲೆ "ನನಗೂ ಬೇಕು". ಮತ್ತೆ ಚುಕ್ಕಿ, ಚುಕ್ಕಿ, ಚುಕ್ಕಿ. ನಡುವೆ ಎಲ್ಲೋ ಒಂದು ಕಡೆ ನಿಜವಾದ ಉತ್ತರ ಹೂತುಹೋಗಿತ್ತು. ಪ್ರಶ್ನೆ ಕೇಳಿದವರಿಗೇ ಅದು ಕಂಡಿರಲಿಲ್ಲ. ಕೆಳಗೆ ಅವರೇ ಮತ್ತೆ "ಯಾರಾದ್ರೂ ಹೇಳಿ ಪ್ಲೀಸ್" ಎಂದು ಬರೆದಿದ್ದರು.

ಚುಕ್ಕಿ ಹಾಕಿದವರು ಮಾತನಾಡುತ್ತಿರಲಿಲ್ಲ. ಕಾಮೆಂಟ್ ಮಾಡಿದರೆ ಮುಂದಿನ ಕಾಮೆಂಟ್‌ಗಳ ನೋಟಿಫಿಕೇಶನ್ ಬರುತ್ತದೆ ಅಂತ ಅವರಿಗೆ ಗೊತ್ತಿತ್ತು. ಉತ್ತರ ಬಂದಾಗ ತಿಳಿಯಲಿ ಅಂತ ಗುರುತು ಇಟ್ಟು ಹೋಗುತ್ತಿದ್ದರು. ಅವರಿಗೆ ಬೇಕಿದ್ದದ್ದು ಒಂದು ಬಟನ್. ಅದು ಇಲ್ಲದ್ದಕ್ಕೆ ಕಾಮೆಂಟ್ ಪೆಟ್ಟಿಗೆಯನ್ನೇ ಬಟನ್ ಮಾಡಿಕೊಂಡಿದ್ದರು.

"ಈ ಪೋಸ್ಟ್ ಫಾಲೋ ಮಾಡಿ" ಎಂಬ ಬಟನ್ ಹಾಕೋಣ ಅಂತ ನಾನು ಸೂಚಿಸಿದಾಗ ಮೀಟಿಂಗ್‌ನಲ್ಲಿ ಮೊದಲು ಬಂದ ಮಾತು, "ಕಾಮೆಂಟ್ ಸಂಖ್ಯೆ ಬೀಳುತ್ತಲ್ಲ?" ಬೀಳುತ್ತದೆ. ಬಿತ್ತು ಕೂಡ. ಆದರೆ ಫಾಲೋ ಮಾಡಿದವರು ಉತ್ತರ ಬಂದಾಗ ವಾಪಸ್ ಬಂದರು, ಓದಿದರು, ಕೆಲವರು ತಮ್ಮ ಅನುಭವವನ್ನೂ ಸೇರಿಸಿದರು. ಚುಕ್ಕಿಗಳು ಹೋದ ಮೇಲೆ ಆ ಪುಟಗಳು ಓದುವ ಹಾಗಾದವು. ಅಷ್ಟು ದಿನ ನಾವು ಎಂಗೇಜ್‌ಮೆಂಟ್ (ಜನ ಎಷ್ಟು ತೊಡಗಿಕೊಂಡರು ಅನ್ನುವ ಲೆಕ್ಕ) ಅಂತ ಕರೆಯುತ್ತಿದ್ದ ಅಂಕಿಯಲ್ಲಿ ಒಂದು ದೊಡ್ಡ ಪಾಲು ಜನರ ಪರದಾಟವೇ ಆಗಿತ್ತು. ಅಂದಿನಿಂದ ನಾನು ಯಾವ ಫೀಚರ್ ನೋಡಿದರೂ ಕೇಳುವ ಮೊದಲ ಪ್ರಶ್ನೆ ಇದು: ಇದನ್ನು ಜನ ಆಗಲೇ ಹೇಗೋ ಕಷ್ಟಪಟ್ಟು ಮಾಡಿಕೊಳ್ಳುತ್ತಿದ್ದಾರಾ? ಅಥವಾ ನಮ್ಮ ಗ್ರಾಫ್ ಏರಲಿ ಅಂತ ನಾವು ಹೊರಟಿದ್ದೇವಾ?

ನಮ್ಮ ಕ್ಷೇತ್ರದ ಇತಿಹಾಸವನ್ನು ಈ ಪ್ರಶ್ನೆ ಹಿಡಿದು ಓದಿದರೆ ಬಹಳಷ್ಟು ಬಿಡಿಸಿಕೊಳ್ಳುತ್ತದೆ. ಟ್ವಿಟರ್ ಒಳ್ಳೆಯ ಉದಾಹರಣೆ. ಹ್ಯಾಶ್‌ಟ್ಯಾಗ್ ಕಂಪನಿ ಯೋಚಿಸಿ ತಂದದ್ದಲ್ಲ. ಕ್ರಿಸ್ ಮೆಸಿನಾ ಎಂಬ ಬಳಕೆದಾರರು 2007ರ ಆಗಸ್ಟ್‌ನಲ್ಲಿ ಒಂದು ಟ್ವೀಟ್‌ನಲ್ಲಿ ಸೂಚಿಸಿದ್ದು. ಜನ ಬಳಸುತ್ತ ಹೋದರು, ಕಂಪನಿ ಆಮೇಲೆ ಅದಕ್ಕೆ ಲಿಂಕ್ ಕೊಟ್ಟಿತು. ರೀಟ್ವೀಟ್ ಕೂಡ ಹಾಗೇ. ಮೊದಲು ಜನ ಇನ್ನೊಬ್ಬರ ಮಾತನ್ನು ಕಾಪಿ ಮಾಡಿ, ಮುಂದೆ "ಆರ್‌ಟಿ" ಅಂತ ಸೇರಿಸಿ, ಅವರ ಹೆಸರು ಹಾಕಿ, ಆಗಿನ ಮಿತಿಯಾದ 140 ಅಕ್ಷರಕ್ಕೆ ಹೊಂದುವಂತೆ ಕತ್ತರಿಸಿ ಕಳಿಸುತ್ತಿದ್ದರು. 2009ರಲ್ಲಿ ಇದಕ್ಕೊಂದು ಬಟನ್ ಬಂತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನನ್ನ ಪ್ರಶ್ನೆಯ ಪ್ರಕಾರ ರೀಟ್ವೀಟ್ ಬಟನ್ ಒಳ್ಳೆಯ ಫೀಚರ್. ಜನ ಮಾಡುತ್ತಿದ್ದದ್ದನ್ನೇ ಸುಲಭ ಮಾಡಿತು. ಆದರೆ ಕೈಯಲ್ಲಿ ಟೈಪ್ ಮಾಡುವಾಗ ಆ ಮಾತನ್ನು ಒಂದು ಸಲ ಓದಲೇಬೇಕಿತ್ತು. ಕತ್ತರಿಸುವಾಗ ಯಾವುದು ಮುಖ್ಯ ಅಂತ ಯೋಚಿಸಲೇಬೇಕಿತ್ತು. ಬಟನ್ ಬಂದ ಮೇಲೆ ಆ ಶ್ರಮದ ಜೊತೆ ಯೋಚನೆಯೂ ಹೊರಟುಹೋಯಿತು. ಸಿಟ್ಟು ಬರಿಸುವ ಮಾತು ಓದುವ ಮೊದಲೇ ಹತ್ತು ಕಡೆ ಹರಡತೊಡಗಿತು. ಆ ಬಟನ್ ಕಟ್ಟಿದ ತಂಡವನ್ನು ನಡೆಸಿದ್ದ ಕ್ರಿಸ್ ವೆದರೆಲ್ ಆಮೇಲೆ 2019ರಲ್ಲಿ ಅದರ ಬಗ್ಗೆ ಬೇಸರ ತೋಡಿಕೊಂಡರು. 2020ರ ಅಕ್ಟೋಬರ್‌ನಲ್ಲಿ ಅಮೆರಿಕದ ಚುನಾವಣೆಗೆ ಮುಂಚೆ ಟ್ವಿಟರ್ ತಾನೇ ಒಂದು ಅಡ್ಡಿ ಇಟ್ಟಿತು. ರೀಟ್ವೀಟ್ ಒತ್ತಿದರೆ ಮೊದಲು ನಿಮ್ಮ ಮಾತು ಸೇರಿಸಿ ಅಂತ ಕೇಳುತ್ತಿತ್ತು. ಡಿಸೆಂಬರ್‌ನಲ್ಲಿ ತೆಗೆದುಹಾಕಿತು. ವಾಟ್ಸ್ಆ್ಯಪ್ ಇನ್ನೂ ಗಟ್ಟಿಯಾಗಿ ನಿಂತಿತು. ಫಾರ್ವರ್ಡ್ ಮಾಡುವುದನ್ನು 2019ರಲ್ಲಿ ಜಗತ್ತಿನಾದ್ಯಂತ ಒಂದು ಸಲಕ್ಕೆ 5 ಚಾಟ್‌ಗಳಿಗೆ ಮಿತಿ ಮಾಡಿತು. 2020ರ ಏಪ್ರಿಲ್‌ನಲ್ಲಿ, ಆಗಲೇ ಹಲವು ಕೈ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು ಅಂತ ಮಾಡಿತು. ಅಂಥ ಸಂದೇಶಗಳ ಹರಿದಾಟ ಶೇ. 70ರಷ್ಟು ಇಳಿಯಿತು ಎಂದು ಕಂಪನಿಯೇ ಹೇಳಿತು. ಬಳಕೆ ಇಳಿಯುತ್ತದೆ ಅಂತ ಗೊತ್ತಿದ್ದೇ ತಂದ ಬದಲಾವಣೆ ಅದು. ನನಗೆ ತುಂಬ ಗೌರವ ಇರುವ ನಿರ್ಧಾರಗಳಲ್ಲಿ ಅದೂ ಒಂದು.

ಜನ ಬೇಡ ಅಂದ ಮಾತ್ರಕ್ಕೆ ಫೀಚರ್ ಕೆಟ್ಟದ್ದು ಅಂತಲೂ ಅಲ್ಲ. 2006ರಲ್ಲಿ ಫೇಸ್‌ಬುಕ್ ನ್ಯೂಸ್ ಫೀಡ್ ತಂದಾಗ ಲಕ್ಷಾಂತರ ಜನ ವಿರೋಧಿಸಿದರು. ಆದರೆ ಅದಕ್ಕೆ ಮುಂಚೆ ಅವರೇ ಸ್ನೇಹಿತರ ಒಂದೊಂದು ಪ್ರೊಫೈಲ್‌ಗೂ ಹೋಗಿ ಏನು ಬದಲಾಗಿದೆ ಅಂತ ನೋಡುತ್ತಿದ್ದರು. ಫೀಡ್ ಅದೇ ಕೆಲಸವನ್ನು ಒಂದೇ ಕಡೆ ತಂದಿಟ್ಟಿತು, ಅದಕ್ಕೇ ಉಳಿಯಿತು. ಸಿಟ್ಟಿಗೂ ಕಾರಣ ಇತ್ತು, ಅಲ್ವಾ? ತಮ್ಮ ಯಾವ ವಿಷಯ ಎಲ್ಲರ ಮುಂದೆ ಬರಬೇಕು ಅನ್ನುವುದು ಅವರ ಕೈಯಲ್ಲಿರಲಿಲ್ಲ. ಕೆಲವೇ ದಿನಗಳಲ್ಲಿ ಕಂಪನಿ ಕ್ಷಮೆ ಕೇಳಿ ಪ್ರೈವೆಸಿ ಆಯ್ಕೆಗಳನ್ನು ಕೊಟ್ಟಿತು.

ಇನ್ನೊಬ್ಬರಲ್ಲಿ ಗೆದ್ದದ್ದನ್ನು ಎತ್ತಿಕೊಂಡು ಬರುವುದು ನಮ್ಮಲ್ಲಿ ಜಾಸ್ತಿ. ಸ್ನ್ಯಾಪ್‌ಚಾಟ್ 2013ರಲ್ಲಿ ಸ್ಟೋರೀಸ್ ತಂದಿತು. 2016ರಲ್ಲಿ ಇನ್‌ಸ್ಟಾಗ್ರಾಮ್, 2017ರಲ್ಲಿ ಸ್ಟೇಟಸ್ ಹೆಸರಲ್ಲಿ ವಾಟ್ಸ್ಆ್ಯಪ್ ಅದನ್ನೇ ತಂದವು, ಎರಡೂ ಕಡೆ ಬೇರು ಬಿಟ್ಟಿತು. ಇನ್‌ಸ್ಟಾಗ್ರಾಮ್‌ನಲ್ಲಿ ಜನ ಚೆಂದದ ಫೋಟೋ ಮಾತ್ರ ಹಾಕಬೇಕು ಅನ್ನುವ ಹಿಂಜರಿಕೆಯಲ್ಲಿದ್ದರು. 24 ಗಂಟೆಯಲ್ಲಿ ಮಾಯವಾಗುವ ಫೋಟೋ ಆ ಹಿಂಜರಿಕೆಯನ್ನು ಕಳೆಯಿತು. ಟ್ವಿಟರ್ 2020ರ ನವೆಂಬರ್‌ನಲ್ಲಿ ಇದನ್ನೇ ಫ್ಲೀಟ್ಸ್ ಅಂತ ಎಲ್ಲರಿಗೂ ಕೊಟ್ಟಿತು, 2021ರ ಆಗಸ್ಟ್‌ನಲ್ಲಿ ಮುಚ್ಚಿತು. ಟ್ವೀಟ್ ಮಾಡಲು ಅಂಜುವವರು ಬರುತ್ತಾರೆ ಅಂದುಕೊಂಡಿದ್ದರು. ಬಳಸಿದ್ದು ಹೆಚ್ಚಾಗಿ ಆಗಲೇ ಟ್ವೀಟ್ ಮಾಡುತ್ತಿದ್ದವರು. ಪ್ರತಿಸ್ಪರ್ಧಿಯ ಸ್ಕ್ರೀನ್‌ಶಾಟ್ ತೋರಿಸಿ "ಇದು ನಮ್ಮಲ್ಲೂ ಬೇಕು" ಅನ್ನುವವರಿಗೆ ನಾನು ಫ್ಲೀಟ್ಸ್ ಕಥೆ ಹೇಳುತ್ತೇನೆ.

ಇನ್ನೊಂದು ಜಾತಿಯ ಫೀಚರ್‌ಗಳಿವೆ. ಅವು ಯಾವ ಕೆಲಸವನ್ನೂ ಸುಲಭ ಮಾಡುವುದಿಲ್ಲ, ಬರೀ ಸೆರಗು ಹಿಡಿದು ಎಳೆಯುತ್ತವೆ. ಕೊನೆಯೇ ಇಲ್ಲದ ಸ್ಕ್ರೋಲ್, ಕೆಂಪು ಬಣ್ಣದ ಸಂಖ್ಯೆ, ತಾನಾಗಿ ಶುರುವಾಗುವ ಮುಂದಿನ ವಿಡಿಯೋ, ಸತತವಾಗಿ ಎಷ್ಟು ದಿನ ಬಳಸಿದಿರಿ ಅಂತ ಎಣಿಸುತ್ತ ಹೋಗಿ ಒಂದು ದಿನ ತಪ್ಪಿದರೆ ಕಡಿದುಹೋಗುವ ಸ್ಟ್ರೀಕ್. ಕೊನೆಯಿಲ್ಲದ ಸ್ಕ್ರೋಲ್ ಅನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಅವರೇ ಅದರ ಪರಿಣಾಮಕ್ಕೆ ನೊಂದು ಮಾತನಾಡಿದ್ದಾರೆ. ಪುಟ ಮುಗಿಯುವ ಜಾಗದಲ್ಲಿ ಮನುಷ್ಯ "ಸಾಕಾ, ಇನ್ನೂ ಬೇಕಾ" ಅಂತ ಒಂದು ಕ್ಷಣ ಯೋಚಿಸುತ್ತಾನೆ. ಆ ಜಾಗವನ್ನೇ ಅದು ತೆಗೆದುಬಿಟ್ಟಿತು. 2018ರಲ್ಲಿ ಇನ್‌ಸ್ಟಾಗ್ರಾಮ್ "ಹೊಸದೆಲ್ಲ ನೋಡಿ ಮುಗಿಸಿದ್ದೀರಿ" ಅನ್ನುವ ಗುರುತು ಹಾಕಿದ್ದು ಆ ನಿಲುಗಡೆಯನ್ನು ಸ್ವಲ್ಪವಾದರೂ ವಾಪಸ್ ಕೊಟ್ಟ ಹಾಗೆ.

ಈ ಜಾತಿಯಲ್ಲಿ ನಾನು ಅತಿ ಹತ್ತಿರದಿಂದ ಕಂಡದ್ದು ನೋಟಿಫಿಕೇಶನ್. ಎರಡು ವಾಕ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು: "ನಿಮ್ಮ ಪ್ರಶ್ನೆಗೆ ಇಬ್ಬರು ಉತ್ತರಿಸಿದ್ದಾರೆ." ಇನ್ನೊಂದು: "ನೀವು ಮಿಸ್ ಮಾಡಿಕೊಳ್ಳುತ್ತಿದ್ದೀರಿ, ಬೇಗ ಬನ್ನಿ!" ಎರಡನೆಯದಕ್ಕೆ ಲಾಭವೇ ಇಲ್ಲ ಅಂತಲ್ಲ. ಎ/ಬಿ ಟೆಸ್ಟ್ ಮಾಡಿದರೆ, ಅಂದರೆ ಕೆಲವರಿಗೆ ಒಂದು, ಉಳಿದವರಿಗೆ ಇನ್ನೊಂದು ಕಳಿಸಿ ಹೋಲಿಸಿದರೆ, ಮೊದಮೊದಲು ಆ್ಯಪ್ ತೆರೆಯುವವರು ಜಾಸ್ತಿಯೇ ಆಗುತ್ತಾರೆ. ಟೆಸ್ಟ್ ಅಷ್ಟಕ್ಕೇ ನಿಲ್ಲಿಸಿದರೆ ಗೆದ್ದ ಹಾಗೆ ಕಾಣುತ್ತದೆ. ಇನ್ನೂ ಸ್ವಲ್ಪ ಕಾಲ ಕಾದರೆ ಬೇರೊಂದು ಗೆರೆ ಮೆಲ್ಲಗೆ ಏರುವುದು ಕಾಣುತ್ತದೆ: ಫೋನಿನ ಸೆಟ್ಟಿಂಗ್‌ಗೆ ಹೋಗಿ ನಮ್ಮ ನೋಟಿಫಿಕೇಶನ್‌ಗಳನ್ನು ಪೂರ್ತಿ ಬಂದ್ ಮಾಡಿದವರ ಗೆರೆ. ಅಲ್ಲಿ ಬಂದ್ ಮಾಡಿದವರು ಮತ್ತೆ ತೆರೆಯುವುದು ಅಪರೂಪ. ಅಲ್ಲಿಂದಾಚೆಗೆ ಅವರ ಪ್ರಶ್ನೆಗೆ ನಿಜವಾಗಿ ಉತ್ತರ ಬಂದರೂ ಅವರಿಗೆ ತಿಳಿಯುವುದಿಲ್ಲ. ಉತ್ತರ ಕೊಟ್ಟವರಿಗೆ ಒಂದು ಥ್ಯಾಂಕ್ಸ್ ಕೂಡ ಬರುವುದಿಲ್ಲ. ಅವರೂ ಮುಂದಿನ ಸಲ ಬರೆಯುವುದಿಲ್ಲ. ಒಂದು ಸುಳ್ಳು ಕರೆಯಿಂದ ಇಬ್ಬರು ಹೋದರು. 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದ ಈಚೆಗೆ ಹೊಸ ಆ್ಯಪ್‌ಗಳು ನೋಟಿಫಿಕೇಶನ್ ಕಳಿಸಲು ಮೊದಲೇ ಅನುಮತಿ ಕೇಳಬೇಕು. ಐಫೋನ್‌ನಲ್ಲಿ ಮುಂಚಿನಿಂದಲೂ ಹಾಗೇ ಇದೆ. ಒಂದೇ ಅವಕಾಶ ಸಿಗುವ ಜಾಗ ಅದು.

ಹಾಗಾದರೆ ತಂಡಗಳು ಎರಡನೆಯ ವಾಕ್ಯವನ್ನೇ ಯಾಕೆ ಆರಿಸುತ್ತವೆ? ದುಷ್ಟತನದಿಂದ ಅಲ್ಲ. ನನ್ನ ಜೊತೆ ಕೆಲಸ ಮಾಡುವವರು ಒಳ್ಳೆಯವರು. ಮೂರು ತಿಂಗಳಿಗೊಂದು ಗುರಿ ಇರುತ್ತದೆ, ಆ ಗುರಿಗೆ ಒಂದು ಅಂಕಿ ಇರುತ್ತದೆ. ಅಂಕಿ ಯಾವುದೋ, ಫೀಚರ್‌ಗಳು ಅದರ ಕಡೆಗೇ ಬೆಳೆಯುತ್ತವೆ. ಯೂಟ್ಯೂಬ್ 2012ರವರೆಗೆ ವಿಡಿಯೋ ಎಷ್ಟು ಸಲ ತೆರೆದರು ಅನ್ನುವುದಕ್ಕೆ ಹೆಚ್ಚು ಬೆಲೆ ಕೊಡುತ್ತಿತ್ತು. ಆಗ ಮೋಸದ ಶೀರ್ಷಿಕೆಗಳಿಗೆ ಲಾಭ. ಎಷ್ಟು ಹೊತ್ತು ನೋಡಿದರು ಅನ್ನುವುದಕ್ಕೆ ಬದಲಾದ ಮೇಲೆ ಉದ್ದದ ವಿಡಿಯೋಗಳಿಗೆ ಲಾಭ. ಯಾವ ಪೋಸ್ಟ್ ಮೇಲೆ ಬರಬೇಕು ಅನ್ನುವ ಲೆಕ್ಕದಲ್ಲಿ ಫೇಸ್‌ಬುಕ್ 2017ರಲ್ಲಿ ಎಮೋಜಿ ಪ್ರತಿಕ್ರಿಯೆಗಳಿಗೆ ಲೈಕ್‌ನ 5 ಪಟ್ಟು ತೂಕ ಕೊಟ್ಟಿತ್ತು, ಅದರಲ್ಲಿ ಸಿಟ್ಟಿನ ಎಮೋಜಿಯೂ ಸೇರಿತ್ತು. 2021ರಲ್ಲಿ ಹೊರಬಂದ ಕಂಪನಿಯ ಒಳಗಿನ ದಾಖಲೆಗಳಿಂದ ಜಗತ್ತಿಗೆ ಇದು ತಿಳಿಯಿತು. ಸಿಟ್ಟು ಬರಿಸುವ ಪೋಸ್ಟ್‌ಗಳು ಫೀಡ್‌ನಲ್ಲಿ ಮೇಲೇರಿದವು. 2020ರಲ್ಲಿ ಸಿಟ್ಟಿನ ಎಮೋಜಿಯ ತೂಕವನ್ನು ಸೊನ್ನೆಗೆ ಇಳಿಸಿದರು. ಒಂದು ಕೋಷ್ಟಕದಲ್ಲಿ ಒಂದು ಅಂಕಿ, ಅಷ್ಟೇ. ಅದರ ಪರಿಣಾಮ ಕೋಟಿಗಟ್ಟಲೆ ಜನರ ದಿನದ ಮೇಲೆ.

ಅಂಕಿ ಇಳಿಯಲು ಬಿಟ್ಟದ್ದೂ ಉಂಟು. ವೈರಲ್ ವಿಡಿಯೋಗಳನ್ನು ಕಡಿಮೆ ತೋರಿಸಿದ್ದರಿಂದ ಜನ ಫೇಸ್‌ಬುಕ್‌ನಲ್ಲಿ ಕಳೆಯುವ ಸಮಯ ದಿನಕ್ಕೆ ಸುಮಾರು 5 ಕೋಟಿ ಗಂಟೆ ಇಳಿದಿದೆ ಎಂದು ಮಾರ್ಕ್ ಜುಕರ್‌ಬರ್ಗ್ 2018ರ ಆರಂಭದಲ್ಲಿ ಹೂಡಿಕೆದಾರರ ಮುಂದೆಯೇ ಹೇಳಿದ್ದರು. ಸಮಯ ಇಳಿಯುವ ಬದಲಾವಣೆ ಮಾಡಿದರೆ ಕಂಪನಿ ಮುಳುಗುತ್ತದೆ ಅನ್ನುವವರ ಮುಂದೆ ನಾನು ಈ ಉದಾಹರಣೆ ಇಡುತ್ತೇನೆ.

ನಮ್ಮ ತಂಡದಲ್ಲಿ ಈಗ ಕೆಲವು ಪದ್ಧತಿಗಳು ಬಂದಿವೆ. ಪ್ರತಿ ಫೀಚರ್‌ನ ಪ್ರಸ್ತಾವನೆಯಲ್ಲಿ, ಜನ ಇದನ್ನು ಈಗ ಹೇಗೆ ಮಾಡಿಕೊಳ್ಳುತ್ತಿದ್ದಾರೆ ಅಂತ ಉದಾಹರಣೆ ಸಮೇತ ಬರೆಯಬೇಕು. ಆ ಜಾಗ ಖಾಲಿ ಇದ್ದರೆ ಚರ್ಚೆ ಅಲ್ಲಿಂದಲೇ ಶುರು. ಯಾವ ಅಂಕಿ ಏರಬೇಕು ಅನ್ನುವುದರ ಪಕ್ಕದಲ್ಲಿ ಯಾವ ಅಂಕಿ ಏರಬಾರದು ಅಂತಲೂ ಬರೆಯಬೇಕು: ಮ್ಯೂಟ್, ಬ್ಲಾಕ್, ಅನ್‌ಇನ್‌ಸ್ಟಾಲ್. ಬಳಕೆದಾರರಲ್ಲಿ ಒಂದು ಸಣ್ಣ ಪಾಲಿಗೆ ಹೊಸ ಫೀಚರ್‌ಗಳನ್ನು ತಿಂಗಳುಗಟ್ಟಲೆ ಕೊಡದೆ ಹಾಗೇ ಇಡುತ್ತೇವೆ. ಇದನ್ನು ನಮ್ಮಲ್ಲಿ ಹೋಲ್ಡ್‌ಔಟ್ ಅನ್ನುತ್ತಾರೆ. ಕೆಲವು ಫೀಚರ್‌ಗಳು ಎರಡು ವಾರದ ಟೆಸ್ಟ್‌ನಲ್ಲಿ ಗೆದ್ದು, ಹೋಲ್ಡ್‌ಔಟ್‌ನ ಜೊತೆ ಹೋಲಿಸಿದಾಗ ಏನೂ ಉಳಿಸಿರುವುದಿಲ್ಲ. ಅಂಥದ್ದನ್ನು ತೆಗೆಯಿರಿ ಅಂತ ಹೇಳಲು ಆಗ ಕೈಯಲ್ಲಿ ಸಾಕ್ಷಿ ಇರುತ್ತದೆ. ಸುಮ್ನೆ ಅಭಿಪ್ರಾಯ ಹೇಳಿದರೆ ಯಾರೂ ಕೇಳುವುದಿಲ್ಲ.

ಸ್ಟ್ರೀಕ್ ಬೇಕಾ ಬೇಡವಾ ಅನ್ನುವ ವಾದ ನಮ್ಮಲ್ಲಿ ಇನ್ನೂ ಮುಗಿದಿಲ್ಲ. ಭಾಷೆ ಕಲಿಯುವಂಥ ಕಡೆ ದಿನ ತಪ್ಪಿಸದಿರುವುದರಿಂದ ಕಲಿಯುವವರಿಗೇ ಲಾಭ ಇದೆ, ಒಪ್ಪುತ್ತೇನೆ. ಗೆಳೆತನಕ್ಕೆ ಹಾಜರಿ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಇಬ್ಬರು ಮಾತಾಡಲು ಏನೂ ಇಲ್ಲದ ದಿನ ಸುಮ್ಮನಿರುವ ಹಕ್ಕು ಅವರಿಗೆ ಇರಬೇಕು. ಇದನ್ನು ನಾನು ಮೀಟಿಂಗ್‌ನಲ್ಲಿ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ.

ಈ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನ ಬಳಿ ಯಾವ ಟೂಲ್ ಕಲಿಯಬೇಕು ಅಂತ ಕೇಳುತ್ತಾರೆ. ಟೂಲ್ ಎರಡು ವಾರದಲ್ಲಿ ಬರುತ್ತದೆ. ಬೆಳಗ್ಗೆ ಡ್ಯಾಶ್‌ಬೋರ್ಡ್ ತೆರೆಯುವ ಮೊದಲು ಸಪೋರ್ಟ್ ತಂಡಕ್ಕೆ ಬಂದ ದೂರುಗಳನ್ನು ಅರ್ಧ ಗಂಟೆ ಓದಿ ಅನ್ನುತ್ತೇನೆ. ಆ್ಯಪ್ ತೆಗೆದುಹಾಕುವಾಗ ಜನ ಬರೆದು ಹೋದ ಕಾರಣಗಳನ್ನೂ ಓದಿ. ಮುಂದಿನ ಫೀಚರ್ ಏನಾಗಬೇಕು ಅನ್ನುವುದನ್ನು ಅವರು ಸಾಮಾನ್ಯವಾಗಿ ಅಲ್ಲೇ ಬರೆದಿರುತ್ತಾರೆ.